ವಾಪಸ್ ಬಂದ ಹತ್ತೊಂಬತ್ತು ಬ್ಯಾಟರಿ

ಬೆಳಗಿನ ಐದೂವರೆ. ಓಣಿಯ ಕೊನೆಯ ಮನೆಯ ಬಾಗಿಲು, ಕಿಟಕಿ ಎರಡೂ ಮುಚ್ಚಿವೆ. ಒಳಗೆ ಅರವತ್ತೆಂಟರ ಅಜ್ಜ ಚಾಪೆಯ ಮೇಲೆ ಕೂತು, ಕೆಮ್ಮಿನ ಔಷಧಿಯ ಖಾಲಿ ಬಾಟಲಿಯಿಂದ ಮಾಡಿದ ಟಾರ್ಚನ್ನು ಗೋಡೆಯ ಕ್ಯಾಲೆಂಡರಿನತ್ತ ಹಿಡಿದಿದ್ದಾರೆ. ಅವರು ನೋಡುತ್ತಿರುವುದು ದೊಡ್ಡ ಅಂಕಿಗಳನ್ನಲ್ಲ, ಕೆಳತುದಿಯಲ್ಲಿ ಇರುವೆ ಸಾಲಿನಂತಿರುವ ಮುದ್ರಣಾಲಯದ ವಿಳಾಸವನ್ನು. ಬೆಳಕನ್ನು ಚೂರುಚೂರೇ ಏರಿಸುತ್ತಾ, ಕೂತಲ್ಲಿಂದ ಆ ಸಣ್ಣಕ್ಷರ ಓದಲು ಬಂದ ಕೂಡಲೇ ಅಷ್ಟಕ್ಕೇ ನಿಲ್ಲಿಸಿ ಬೆಸುಗೆ ಹಾಕುವುದು ಅವರ ಪದ್ಧತಿ. ಬಿಸಿಲು ಬಂದರೆ ಈ ಪರೀಕ್ಷೆ ನಡೆಯುವುದಿಲ್ಲ. ಇಂದು ಮಾತ್ರ ಬೆಸುಗೆ ಹಾಕುವ ಕಡ್ಡಿ ತಣ್ಣಗೆ ಬಿದ್ದಿದೆ, ಅಜ್ಜ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಟಾರ್ಚಿಗೆ ಬ್ಯಾಟರಿ ಎನ್ನುವ ಈ ಓಣಿಯಲ್ಲಿ ಅವರು ಎಲ್ಲರಿಗೂ ಬ್ಯಾಟರಿ ಅಜ್ಜ. ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ, ಕಳೆದ ಇಪ್ಪತ್ತಾರು ವರ್ಷಗಳಿಂದ ಇದೇ ಕಸುಬು. ಪೌಡರ್ ಡಬ್ಬಿ, ಚಮಚದ ತಲೆ, ಸೈಕಲ್ ಟ್ಯೂಬು, ಮುರಿದ ಪೆನ್ನು, ಇವೇ ಕಚ್ಚಾ ಸಾಮಾನು. ಬಂದವರಿಗೆ ಎಂಥ ಟಾರ್ಚ್ ಬೇಕೆಂದು ಅವರು ಕೇಳುವುದಿಲ್ಲ, ಕೆಲಸ ಹೇಗೆ ಮಾಡುತ್ತೀರಿ ತೋರಿಸಿ ಎನ್ನುತ್ತಾರೆ. ನಲ್ಲಿ ರಿಪೇರಿಯವನಿಗೆ ಹಲ್ಲಿನಲ್ಲಿ ಕಚ್ಚಿಕೊಳ್ಳುವಂಥದ್ದು, ಕೈ ನಡುಗುವ ಮುದುಕಿಗೆ ಕೊರಳಿಗೆ ಹಾಕಿಕೊಳ್ಳುವಂಥದ್ದು, ದರ್ಜಿಗೆ ಸೂಜಿಯ ಮೇಲೇ ಬಗ್ಗಿ ನೋಡುವಂಥದ್ದು. ದಿನಕ್ಕೆ ಮೂರು ಮಾಡಿದರೆ ಅಂದಿನ ಊಟ ರುಚಿಸುತ್ತದೆ.

ಮೊದಲ ಇಪ್ಪತ್ತೈದು ವರ್ಷಗಳಲ್ಲಿ ವಾಪಸ್ ಬಂದಿದ್ದು ಎರಡೇ. ಒಂದು ಬಾವಿಗೆ ಬಿದ್ದಿತ್ತು, ಇನ್ನೊಂದನ್ನು ಯಾರದೋ ಮಗು ಹಾಲಿನ ಪಾತ್ರೆಗೆ ಹಾಕಿತ್ತು. ಈ ವರ್ಷ ಎಂಟೇ ತಿಂಗಳಲ್ಲಿ ಹತ್ತೊಂಬತ್ತು. ಎಲ್ಲರದೂ ಒಂದೇ ದೂರು: ಬೆಳಕು ಕಣ್ಣಿಗೆ ಹೊಡೆಯುತ್ತದೆ, ಸೆಲ್ಲು ನಾಲ್ಕು ದಿನವೂ ಬಾಳುವುದಿಲ್ಲ. ಅಜ್ಜ ಒಂದೊಂದನ್ನೂ ಬಿಚ್ಚಿ ಜೋಡಿಸಿದ್ದಾರೆ. ಬಲ್ಬಿನ ಅಂಗಡಿ ಬದಲಿಸಿದ್ದಾರೆ, ಸೆಲ್ಲಿನ ಮೇಲೆ ಗುಮಾನಿ ಪಟ್ಟಿದ್ದಾರೆ. ಫೋನು ನೋಡಿ ನೋಡಿ ಜನರ ಕಣ್ಣೇ ಸೂಕ್ಷ್ಮವಾಗಿದೆ ಎಂದು ಹೆಂಡತಿಗೆ ಉಪನ್ಯಾಸವನ್ನೂ ಕೊಟ್ಟಿದ್ದಾರೆ. ಕ್ಯಾಲೆಂಡರಿಗೆ ಹಿಡಿದರೆ ಹತ್ತೊಂಬತ್ತೂ ಸರಿಯಾಗಿಯೇ ಇವೆ.

ಅವರನ್ನು ಕಂಗೆಡಿಸಿದ್ದು ಹತ್ತೊಂಬತ್ತನೆಯದು, ಈಗ ಕೈಯಲ್ಲಿರುವ ಬಾಟಲಿಯ ಟಾರ್ಚ್. ಕೋಳಿಮರಿ ಕೇಂದ್ರದಲ್ಲಿ ಮೊಟ್ಟೆ ಪರೀಕ್ಷಿಸುವ ಹೆಂಗಸು ಅದನ್ನು ನಿನ್ನೆ ತಂದಿದ್ದಳು. ಏಳನೆಯ ದಿನ ಮೊಟ್ಟೆಯ ಹಿಂದೆ ಬೆಳಕು ಹಿಡಿದರೆ ಒಳಗೆ ಕೆಂಪು ಎಳೆಗಳು ಕಾಣಬೇಕು. ಎಳೆ ಕಾಣದಿದ್ದರೆ ಮೊಟ್ಟೆ ಖಾಲಿ ಎಂದು ಎತ್ತಿಡುತ್ತಾರೆ.

"ಅಜ್ಜಾ, ಇದರ ಬೆಳಕಲ್ಲಿ ಎಲ್ಲಾ ಮೊಟ್ಟೆನೂ ಖಾಲಿ ಕಾಣ್ತವೆ. ಎತ್ತಿಟ್ಟಿದ್ರಲ್ಲಿ ಒಂದನ್ನ ಒಡೆದು ನೋಡ್ದೆ. ಒಳಗೆ ಜೀವ ಇತ್ತು."

ಅವಳು ಬೈಯಲಿಲ್ಲ, ಟಾರ್ಚನ್ನು ಚಾಪೆಯ ಮೇಲಿಟ್ಟು ಹೋದಳು. ಬೈದಿದ್ದರೆ ವಾಸಿಯಿತ್ತು ಎಂದು ಅಜ್ಜನಿಗೆ ಅನ್ನಿಸಿದೆ. ಕಾರಣ ಸಿಗದಿದ್ದರೆ ಸಾಮಾನಿನ ಪೆಟ್ಟಿಗೆ ಮತ್ತೆ ತೆರೆಯುವುದಿಲ್ಲ ಎಂದು ಅವರು ಹೆಂಡತಿಗೆ ಹೇಳಿಬಿಟ್ಟಿದ್ದಾರೆ. ಇಪ್ಪತ್ತಾರು ವರ್ಷ ಕೈಯಲ್ಲಿದ್ದ ಕೆಲಸ ಯಾವಾಗ ಕೈತಪ್ಪಿತು ಎಂಬುದೇ ಅವರಿಗೆ ತಿಳಿಯುತ್ತಿಲ್ಲ.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯ ಟಾರ್ಚ್ ಹಿಡಿದು ಚಾಪೆಯ ಸುತ್ತ ಕನ್ನಡಕ ಹುಡುಕುತ್ತಾ ಬರುತ್ತಾರೆ. ಅದೂ ಅಜ್ಜನದೇ ಕೈಕೆಲಸ, ಆರು ವರ್ಷ ಹಳೆಯದು. ಅಜ್ಜ ಅದನ್ನು ಕಸಿದುಕೊಂಡು ಕ್ಯಾಲೆಂಡರಿಗೆ ಹಿಡಿಯುತ್ತಾರೆ. ಮಂಕು. ಹೊಸ ಸೆಲ್ಲು ಹಾಕಿದರೂ ಮಂಕು. ಇದೂ ಕೆಟ್ಟಿತಲ್ಲ ಎಂದು ಅವರು ಗೊಣಗುತ್ತಿರುವಾಗಲೇ, ಕನ್ನಡಕ ಸಿಕ್ಕ ಹೆಂಡತಿ ಪಕ್ಕದಲ್ಲಿ ಕೂತು, ಅದೇ ಬೆಳಕಿನಲ್ಲಿ ಮುದ್ರಣಾಲಯದ ವಿಳಾಸವನ್ನು ಫೋನ್ ನಂಬರಿನ ಸಮೇತ ಗಡಗಡ ಓದುತ್ತಾರೆ. ಅಜ್ಜ ಬಾಟಲಿಯ ಟಾರ್ಚ್ ಹಚ್ಚಿದರೆ ಆಕೆ ಮುಖಕ್ಕೆ ಸೆರಗು ಅಡ್ಡ ಹಿಡಿಯುತ್ತಾರೆ.

"ಆರ್ಸಿ ಅದನ್ನ. ಕೆಟ್ಟಿರೋದು ಬ್ಯಾಟರಿ ಅಲ್ಲ ರೀ."

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಕಣ್ಣಿನ ಡಾಕ್ಟರು ಎರಡು ದಿನಗಳ ನಂತರ ಹೇಳುತ್ತಾರೆ. ಕಣ್ಣು ಮಸುಕಾದಷ್ಟೂ ಅಜ್ಜ ಬೆಳಕು ಏರಿಸುತ್ತಾ ಹೋಗಿದ್ದಾರೆ, ಅಷ್ಟೇ ವಿಷಯ. ಮೊಟ್ಟೆಯೊಳಗಿನ ಎಳೆಗಳು ಕಾಣದೆ ಹೋದದ್ದೂ ಆ ಅತಿ ಬೆಳಕಿನಲ್ಲೇ. ಕಾರಣ ಸಿಕ್ಕರೂ ಅವರ ಗೊಂದಲ ಕಳೆದಿಲ್ಲ. "ಕತ್ತಲಾಗ್ತಾ ಇದ್ರೆ ಮನುಷ್ಯನಿಗೆ ಗೊತ್ತಾಗಲ್ವಾ? ನನಗೆ ಗೊತ್ತಾಗ್ಲೇ ಇಲ್ಲ," ಎಂದು ಎದುರಿಗೆ ಬಂದವರನ್ನೆಲ್ಲ ಕೇಳುತ್ತಾರೆ.

ಪೆಟ್ಟಿಗೆ ಮಾತ್ರ ಮುಚ್ಚಿಲ್ಲ. ಈಗ ಮುಂಜಾನೆ ಕ್ಯಾಲೆಂಡರ್ ಓದುವುದು ಹೆಂಡತಿಯ ಕೆಲಸ. ಆಕೆ ಸಾಕು ಎಂದರೆ ಅಜ್ಜನಿಗೆ ಇನ್ನೂ ಚೂರು ಬೇಕೆನ್ನಿಸುತ್ತದೆ, ಆದರೂ ಹಲ್ಲು ಕಚ್ಚಿಕೊಂಡು ಬೆಸುಗೆ ಹಾಕುತ್ತಾರೆ. ಮೊಟ್ಟೆಯ ಹೆಂಗಸಿನ ಟಾರ್ಚನ್ನು ಹಾಗೆಯೇ ಸರಿಮಾಡಿ, ತಾವೇ ನಡೆದು ಹೋಗಿ ಕೊಟ್ಟಿದ್ದಾರೆ. ಅವಳು ಒಂದು ಮೊಟ್ಟೆ ಹಿಡಿದು ಎಳೆ ಕಾಣುತ್ತಿದೆ ಎಂದಳಂತೆ. ಅಜ್ಜನೂ ಬಗ್ಗಿ ನೋಡಿದರು, ಅವರಿಗೆ ಏನೂ ಕಾಣಲಿಲ್ಲ.

ಮುಂದಿನ ಗುರುವಾರ ಒಂದು ಕಣ್ಣಿನ ಆಪರೇಷನ್. ಪತ್ರಿಕೆಗಾಗಿ ಮಾತಾಡಿಸಲು ಹೋದ ನಾವು ಹೆದರಿಕೆ ಇದೆಯೇ ಎಂದರೆ, ಇಲ್ಲವೆಂದು ತಲೆಯಾಡಿಸುತ್ತಾರೆ. ಅವರ ಚಿಂತೆ ಈ ವರ್ಷ ಮಾಡಿದ, ವಾಪಸ್ ಬಾರದೆ ಊರಲ್ಲೇ ಉಳಿದ ನಾನೂರು ಚಿಲ್ಲರೆ ಟಾರ್ಚುಗಳದು. ಯಾರಿಗೆ ಕೊಟ್ಟರೋ ನೆನಪಿಲ್ಲ.

"ಈ ವರ್ಷದ್ದಕ್ಕೆಲ್ಲ ಹಸಿರು ಟೇಪ್ ಸುತ್ತಿದೀನಿ. ಯಾರ ಹತ್ರ ಇದ್ರೂ ತಂದುಕೊಡ್ಲಿ ಅಂತ ಪೇಪರಲ್ಲಿ ಬರೀರಿ. ಚೆನ್ನಾಗಿದೆ ಅನ್ನೋರೂ ತರ್ಲಿ. ಅವು ನನ್ನ ಪೊರೆ ಮಾಡಿದ್ದು, ನಾನು ಮಾಡಿದ್ದಲ್ಲ."