ದೊಡ್ಡಪ್ಪನ ವೈಫೈ ಕಾವಲು

ನಮ್ಮ ದೊಡ್ಡಪ್ಪನಿಗೆ ‘ಆಟೋಮ್ಯಾಟಿಕ್’ ಎಂಬ ಪದ ಕಂಡರೆ ಮೈಯೆಲ್ಲ ಉರಿ. “ತಾನಾಗೇ ಆಗೋದನ್ನ ನಂಬಬೇಡ ಕಣೋ, ನಾವೇ ಕೂತು ಮಾಡ್ಬೇಕು” ಎನ್ನುತ್ತ ರೌಟರಿನ ಮುಂದೆ ಚಕ್ಕಳಮಕ್ಕಳ ಹಾಕಿ, ಟಿವಿ, ಪ್ರಿಂಟರು, ಮಕ್ಕಳ ಲ್ಯಾಪ್‌ಟಾಪು ಒಂದೊಂದಕ್ಕೂ ಹಾಜರಿ ಸಂಖ್ಯೆಯಂತೆ ಕೈಯಾರೆ ನೆಟ್‌ವರ್ಕ್ ನಂಬರು ಕೊಡುತ್ತಾರೆ. ನೆಂಟರು ಬಂದರೆ ನೀರು ಕೊಡುವ ಮೊದಲೇ ಅವರ ಫೋನು ಇಸಿದುಕೊಂಡು, ಬೆನ್ನು ತಿರುಗಿಸಿ ಪಾಸ್‌ವರ್ಡ್ ಒತ್ತುತ್ತಾರೆ. ಅದನ್ನು ವಾರವಾರ ಬದಲಿಸಿ, ತಾವೇ ಮರೆತು ಕೂತಾಗ ಮನೆಮಂದಿ ಯಾರೂ ತುಟಿ ಪಿಟಕ್ ಎನ್ನುವಂತಿಲ್ಲ. ಇಷ್ಟೆಲ್ಲ ಕಾವಲಿದ್ದರೂ ನಡುಮನೆಯ ಕಿಟಕಿಯಲ್ಲಿ ಇನ್ನೊಂದು ಹಳೇ ರೌಟರು ಮಿನುಗುತ್ತಿರುತ್ತದೆ. ಅದರ ಪಾಸ್‌ವರ್ಡ್ ಮಾತ್ರ ವರ್ಷಗಳಿಂದ ಒಂದರಿಂದ ಎಂಟರವರೆಗಿನ ಅಂಕಿಗಳೇ. “ಇದರಲ್ಲಿ ಕಳ್ಳ ನುಗ್ಗಲ್ವಾ ದೊಡ್ಡಪ್ಪಾ?” ಎಂದು ಒಮ್ಮೆ ಕೇಳಿದೆ. “ನುಗ್ಗಲಿ ಬಿಡೋ, ಅದರಿಂದ ನಮ್ಮ ಕಂಪ್ಯೂಟರ್‌ಗೆ ದಾರಿ ಇಲ್ಲ. ನನ್ನ ತಂಗಿ ನನ್ನ ಮೇಲೆ ಮುನಿಸ್ಕೊಂಡು ಹೋದಾಗ ಇದ್ದಿದ್ದು ಇದೇ ರೌಟರು, ಇದೇ ಪಾಸ್‌ವರ್ಡು. ಯಾವತ್ತಾದ್ರೂ ಗೇಟಿನ ತನಕ ಬಂದ್ರೆ, ಅವಳ ಫೋನನ್ನ ಈ ಮನೆ ‘ಯಾರು ನೀನು’ ಅಂತ ಕೇಳಬಾರದು” ಎಂದರು. ಮೊನ್ನೆ ಸಂಜೆ ಆ ಹಳೇ ರೌಟರಿಗೆ ಒಂದು ಫೋನು ಸೇರಿಕೊಂಡದ್ದು ದೊಡ್ಡಪ್ಪನ ಫೋನಿನ ಪರದೆಯಲ್ಲಿ ಕಾಣಿಸಿತು. ದೊಡ್ಡಪ್ಪ ಅದರ ಹೆಸರು ಓದಿದವರೇ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದರು. “ನಿಧಾನ ದೊಡ್ಡಪ್ಪಾ, ಅತ್ತೆ ತಾವಾಗೇ ಒಳಗೆ ಬರ್ತಾರೆ” ಎಂದೆ. ಓಡುತ್ತಲೇ ಕೂಗಿದರು: “ಗೇಟು ತಾನಾಗೇ ತೆರ್ಕೊಳ್ಳಲ್ಲ ಕಣೋ!”