ಮಾವ ಲೋಟ ಖಾಲಿ ಮಾಡಿದ ದಿನ

ರಿಪ್ಪನ್‌ಪೇಟೆಯ ನಮ್ಮ ಮನೆಯ ಜಗಲಿಯಲ್ಲೇ ನನ್ನ ಹೊಲಿಗೆ ಮಷಿನ್ ಇದೆ. ಗಂಡ ಲಾರಿ ಓಡಿಸುತ್ತಾರೆ. ಆ ವಾರ ಲೋಡ್ ಹಾಕಿಕೊಂಡು ಹುಬ್ಬಳ್ಳಿ ಕಡೆ ಹೋಗಿದ್ದರು. ಮನೆಯಲ್ಲಿ ನಾನು, ಎಪ್ಪತ್ತೆಂಟರ ಮಾವ ಇಬ್ಬರೇ. ಆನಂದಪುರದ ನೆಂಟರ ಮನೆಯಲ್ಲಿ ಉಂಡು ಬಂದ ಮರುದಿನ ಬೆಳಿಗ್ಗೆ ಅವರಿಗೆ ಭೇದಿ ಹತ್ತಿಕೊಂಡಿತು. ಮಧ್ಯಾಹ್ನದೊಳಗೆ ಏಳು ಸಲ ಆಯಿತು. ಒಮ್ಮೆ ಟಾಯ್ಲೆಟ್ ಮುಟ್ಟುವ ಮೊದಲೇ ಪಂಚೆ ಕೆಟ್ಟಿತು. ನಾನು ಬಿಸಿನೀರು ತಂದು ತೊಳೆಯುವಷ್ಟು ಹೊತ್ತೂ ಅವರು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು.

ಡಾಕ್ಟರಿಗೆ ಫೋನ್ ಮಾಡಿದೆ. ರಕ್ತ ಹೋಗುತ್ತಿದೆಯಾ, ಜ್ವರ ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. ಬಿ.ಪಿ. ಮಾತ್ರೆಯ ಹೆಸರು ಓದಿ ಹೇಳಿದಾಗ, ಇವತ್ತು ಅದು ಬೇಡ, ಓಆರ್‌ಎಸ್ ಕುಡಿಸುತ್ತಲೇ ಇರಿ, ಮಂಕಾದರೆ ಅಥವಾ ಸಂಜೆಯೊಳಗೆ ಮೂತ್ರ ಆಗದಿದ್ದರೆ ಕರೆತನ್ನಿ ಎಂದರು.

ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಕರಗಿಸಿ ಲೋಟ ಹಿಡಿದರೆ ಮಾವ ಅದನ್ನು ಆಚೆ ತಳ್ಳಿದರು.

"ಬ್ಯಾಡ. ಕುಡುದ್ರೆ ಮತ್ತೆ ಹೋಗ್ಬೇಕು. ನೀನು ಮತ್ತೆ ತೊಳೀಬೇಕು."

ಹೊಟ್ಟೆಯ ಸಂಕಟಕ್ಕಿಂತ ಸೊಸೆಯ ಕೈಯಲ್ಲಿ ತೊಳೆಸಿಕೊಳ್ಳುವ ಸಂಕಟ ದೊಡ್ಡದಾಗಿತ್ತು.

ಮಂಚವನ್ನು ಟಾಯ್ಲೆಟ್ ಬಾಗಿಲ ಹತ್ತಿರಕ್ಕೆ ಎಳೆದೆ. ಮಂಚದ ಪಕ್ಕದ ಕಿಟಕಿಯ ಸರಳಿನಿಂದ ಟಾಯ್ಲೆಟ್ ಒಳಗಿನ ಕಬ್ಬಿಣದ ಪೈಪಿನವರೆಗೆ ಸೊಂಟದ ಎತ್ತರದಲ್ಲಿ ಹಗ್ಗ ಬಿಗಿದು, ನಾನೇ ಭಾರ ಬಿಟ್ಟು ನೋಡಿದೆ. ಹಳೇ ಪಂಚೆ ಹರಿದು, ಸಲೀಸಾಗಿ ಕೆಳಗೆಳೆಯಲು ಬರುವಂಥ ಎಲಾಸ್ಟಿಕ್ ಹಾಕಿ ಎರಡು ಚಡ್ಡಿ ಹೊಲಿದೆ.

"ಮಾವ, ಇನ್ನು ನಾ ಒಳಗೆ ಬರಲ್ಲ. ಹಗ್ಗ ಹಿಡ್ಕಂಡು ನೀವೇ ಹೋಗಿ. ಚಿಲಕ ಮಾತ್ರ ಹಾಕ್ಬೇಡಿ. ಆದ್ರೆ ಲೋಟ ಖಾಲಿ ಆಗ್ಬೇಕು."

ಅವರು ಹಗ್ಗ ಜಗ್ಗಿ ನೋಡಿದರು. ಆಮೇಲೆ ಲೋಟಕ್ಕೆ ಕೈ ಚಾಚಿದರು. ಗುಟುಕು ಗುಟುಕಾಗಿ ಅದು ಮುಗಿಯಿತು, ಇನ್ನೊಂದು ಮುಗಿಯಿತು, ಉಪ್ಪು ಹಾಕಿದ ಗಂಜಿ ತಿಳಿಯೂ ಹೋಯಿತು. ಅವರು ಎದ್ದಾಗಲೆಲ್ಲ ನಾನು ಮಷಿನ್ ತುಳಿಯುವುದು ಬಿಟ್ಟು ಕಿವಿಗೊಟ್ಟು ಕೂರುತ್ತಿದ್ದೆ.

ಐದು ಗಂಟೆ ಸುಮಾರಿಗೆ ಒಳಗಿನಿಂದ ಕೂಗು ಕೇಳಿತು. ಬಿದ್ದೇಬಿಟ್ಟರೇನೋ ಎಂದು ಓಡಿದೆ.

"ಉಚ್ಚೆ ಹೊಯ್ದೆ ಮಾರಾಯ್ತಿ! ಚೆನ್ನಾಗಿ ಹೊಯ್ದೆ! ಡಾಕ್ಟ್ರಿಗೆ ಹೇಳು!"

ಪಕ್ಕದ ಮನೆಯವರಿಗೂ ಕೇಳಿರಬೇಕು. ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮೂರನೆಯ ದಿನ ಭೇದಿ ಪೂರ್ತಿ ನಿಂತಿತು. ಗಂಡ ಲಾರಿ ಇಳಿದು ಗಾಬರಿಯಲ್ಲಿ ಬರುವಾಗ ಮಾವ ಜಗಲಿಯಲ್ಲಿ ಕೂತು ಮೊಸರನ್ನ ಉಣ್ಣುತ್ತಿದ್ದರು.

"ಹೆಂಗಿದೀಯ ಅಪ್ಪಯ್ಯ?"

"ನಂಗೆಂತಾಗಿದೆ? ಉಪ್ಪಿನಕಾಯಿ ಕೇಳಿದ್ರೆ ಕೊಡ್ತಿಲ್ಲ ನೋಡು ಇವ್ಳು."

ಕೊಡಲೂ ಇಲ್ಲ.