ಮುಂದೆ ಗಂಟು ಹಾಕುವ ಕುಬುಸ

ಅವ್ವನ ಕುಬುಸ ಹಾಳಾದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ಮಾತು ಸುತ್ತಿ ಅಲ್ಲಿಗೇ ಬರುತ್ತದೆ.

ಅವ್ವನಿಗೆ ಎಂಬತ್ತು ದಾಟಿದೆ. ಬುಕ್ಕಸಾಗರದ ಗದ್ದೆಗಳಲ್ಲಿ ನಾಟಿ ಮಾಡಿ ಬೆಳೆದವಳು, ಈಗ ಹೊಸಪೇಟೆಯಲ್ಲಿ ನನ್ನ ಜೊತೆ ಇದ್ದಾಳೆ. ಎರಡೂ ಭುಜ ಹಿಡಿದುಕೊಂಡಿವೆ. ಕೈ ಎದೆಯ ಮುಂದೆ ಆಡುತ್ತದೆ, ಬೆನ್ನ ಹಿಂದಕ್ಕೆ ಹೋಗುವುದಿಲ್ಲ. ವಾತದಿಂದ ಬೆರಳು ಡೊಂಕಾಗಿವೆ. ಆದರೂ ತನ್ನ ಬಟ್ಟೆಯನ್ನು ತಾನೇ ತೊಡುತ್ತಿದ್ದಳು. ಸ್ನಾನ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡಳೆಂದರೆ ನಾವು ಯಾರೂ ಒಳಗೆ ಹೋಗುವಂತಿರಲಿಲ್ಲ. ಅದು ಸಾಧ್ಯವಾಗಿದ್ದು ಅವಳ ಖಣದ ಕುಬುಸದಿಂದ. ತೋಳು ಸಡಿಲ, ಗುಂಡಿ ಇಲ್ಲ, ಹುಕ್ಕಿಲ್ಲ. ಎದೆಯ ಕೆಳಗೆ ಎರಡು ತುದಿ ಹಿಡಿದು ಗಂಟು ಹಾಕಿದರೆ ಮುಗಿಯಿತು. ಮುಂದೆ ಹುಕ್ಕಿರುವ ಬ್ಲೌಸನ್ನು ಒಮ್ಮೆ ತಂದುಕೊಟ್ಟಿದ್ದೆ. ಅರ್ಧ ಗಂಟೆ ಒದ್ದಾಡಿ ಮಡಚಿಟ್ಟಳು.

ಕುಬುಸ ಬೇಡವೆಂದವರಲ್ಲಿ ನಾನೂ ಒಬ್ಬಳು. ಕಂಪ್ಲಿಯ ಶಾಲೆಗೆ ಹೋಗುವಾಗ ಪಫ್ ತೋಳಿನ ಜಾಕೀಟಿಗಾಗಿ ಅತ್ತಿದ್ದೆ. ಮದುವೆಯಾಗಿ ದೋಣಿಮಲೈ ಗಣಿಯ ಕ್ವಾರ್ಟರ್ಸಿಗೆ ಹೋದ ಮೇಲೆ ನೈಲಾನ್ ಸೀರೆ ಬಂತು. ಅಲ್ಲಿ ಅದಿರಿನ ಧೂಳಿಗೆ ಬಿಳಿ ಬಟ್ಟೆ ಎರಡು ವಾರದಲ್ಲಿ ಇಟ್ಟಿಗೆ ಬಣ್ಣವಾಗುತ್ತಿದ್ದುದರಿಂದ ನಾವೆಲ್ಲ ಮರೂನು, ಕಾಫಿ ಬಣ್ಣಗಳನ್ನೇ ಕೊಳ್ಳುತ್ತಿದ್ದೆವು. ನಮಗೆ ಅದೂ ಫ್ಯಾಷನ್ನಾಗಿಯೇ ಕಂಡಿತು. ಪಕ್ಕದ ಮನೆಯವಳನ್ನು ನೋಡಿ ಬೆನ್ನಿಗೆ ಹುಕ್ಕಿರುವ ಬ್ಲೌಸ್ ಹೊಲಿಸಿಕೊಂಡೆ. ಅವ್ವ ಬಂದಾಗ ಅದನ್ನು ನೋಡಿ, "ಅಲ್ಲಲೇ, ಗಂಡ ನೈಟ್ ಡ್ಯೂಟಿಗೆ ಹೋದ್ರ ಇದನ್ನ ಬಿಚ್ಚೋರ್ಯಾರು?" ಎಂದಿದ್ದಳು. ಕ್ವಾರ್ಟರ್ಸಿನ ಹೆಂಗಸರೆಲ್ಲ ನಕ್ಕರು. ನನಗೆ ಮಾತ್ರ ಅವಳ ಗಂಟು ನೋಡಿ ನಾಚಿಕೆಯಾಯಿತು. ನಲವತ್ತೈದಕ್ಕೆ ಚೂಡಿದಾರಕ್ಕೆ ಬಂದೆ. ನನ್ನ ಮಗಳು ಲೆಗ್ಗಿಂಗ್ಸ್, ಜೀನ್ಸಿನಲ್ಲೇ ಬೆಳೆದಳು. ಅವ್ವ ಯಾವುದಕ್ಕೂ ಬೇಡ ಅನ್ನಲಿಲ್ಲ, ತನ್ನ ಕುಬುಸವನ್ನೂ ಬಿಡಲಿಲ್ಲ.

ಮಗಳ ಮದುವೆ ನಿಶ್ಚಯವಾದಾಗ ಬೀಗರು ಅಜ್ಜಿಗೆಂದು ಇಳಕಲ್ ಸೀರೆ, ಖಣ ಕೊಟ್ಟರು. ಅವ್ವನ ಬಳಿ ಆಗ ಉಳಿದದ್ದು ಎರಡೇ ಕುಬುಸ. ಒಂದು ಬೆನ್ನಿನಲ್ಲಿ ಜೀರ್ಣವಾಗಿತ್ತು. ಚೆನ್ನಾಗಿದ್ದ ಇನ್ನೊಂದನ್ನು ಹೊಸ ಖಣದ ಜೊತೆ ತೆಗೆದುಕೊಂಡು ನಮ್ಮ ಬೀದಿಯ ಬುಟಿಕ್ಕಿಗೆ ಹೋದೆ. "ನಮ್ಮವ್ವಗ, ಮೊಮ್ಮಗಳ ಮದ್ವಿಗೆ. ಇದರಂಗ ಹೊಲಿಬೇಕು," ಎಂದೆ. ಹೊಲಿಯುವ ಹುಡುಗಿ ತಲೆ ಎತ್ತದೆ, "ಆತ್ರಿ ಆಂಟಿ, ಇಟ್ಟು ಹೋಗ್ರಿ," ಎಂದಳು. ನನ್ನ ತಪ್ಪು ಇಲ್ಲಿದೆ. ನಮ್ಮಲ್ಲಿ ದರ್ಜಿಗೆ ಹಳೆಯ ಜಾಕೀಟು ಕೊಡುವುದೆಂದರೆ ಅಳತೆ ಕೊಡುವುದು, ಅಷ್ಟೇ. ನಾನು ಕೊಟ್ಟದ್ದೂ ಅದೇ ಅಂದುಕೊಂಡಳು.

ಮದುವೆಗೆ ನಾಲ್ಕು ದಿನ ಇರುವಾಗ ಹೋದೆ. ಹೊಸ ಕುಬುಸಕ್ಕೆ ಒಳಗೆ ಲೈನಿಂಗು, ಎದೆಗೆ ಸ್ಪಂಜಿನ ಕಪ್, ಬೆನ್ನಿಗೆ ಆರು ಹುಕ್ಕು.

"ಇದೇನವ್ವ, ಹಿಂದ ಹುಕ್ಕಿಟ್ಟೀಯಲ್ಲ?"

"ಮದ್ವಿ ಫಂಕ್ಷನ್ ಅಂದ್ರಲ್ರಿ. ಈಗ ಎಲ್ಲರೂ ಹಿಂದನ ಇಡಿಸ್ತಾರ. ಅಜ್ಜಿ ಮಸ್ತ್ ಕಾಣ್ತಾರ ನೋಡ್ರಿ."

"ಇದರಂಗ ಅಂತ ಹೇಳಿದ್ದೆ ನಾನು."

"ಅಳತಿ ಅದರಂಗನ ಐತ್ರಿ ಆಂಟಿ. ಡಿಸೈನ್ ಬೇಕಂದ್ರ ಎಲ್ಲರೂ ಫೋನಿನ್ಯಾಗ ಫೋಟೊ ತೋರಿಸ್ತಾರ. ನೀವು ಗಂಟು ಅಂತ ಒಂದು ಮಾತು ಅಂದ್ರೇನು?"

ಅಂದಿರಲಿಲ್ಲ. ಅವಳು ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಳು. ಹೊಲಿಗೆ ಬಿಚ್ಚಿದ ತುಂಡುಗಳು. ಕಂಕುಳಲ್ಲಿ ಸೇರಿಸಿದ್ದ ಚೌಕದ ಬಟ್ಟೆಯಿಂದಾಗಿ ಅದು ಟೇಬಲ್ಲಿನ ಮೇಲೆ ಹಾಸಲು ಬರಲಿಲ್ಲವಂತೆ, ಅದಕ್ಕೆ ಬಿಚ್ಚಿದಳಂತೆ. ಹಳೆಯ ಖಣ, ಹೊಲಿಗೆಯ ಉದ್ದಕ್ಕೂ ಹರಿದಿತ್ತು. ಮತ್ತೆ ಕೂಡಿಸಲು ಅಂಚೇ ಉಳಿದಿರಲಿಲ್ಲ. ಹೊಸದರಲ್ಲೂ ಗಂಟಿನ ತುದಿಗೆ ಬಟ್ಟೆ ಬಿಟ್ಟಿರಲಿಲ್ಲ.

ಮರುದಿನ ಆ ಕವರು ಹಿಡಿದು ಕಂಪ್ಲಿ ಬಸ್ಸು ಹತ್ತಿದೆ. ಅವ್ವನ ಕುಬುಸಗಳನ್ನೆಲ್ಲ ಹೊಲಿದ ದರ್ಜಿಯ ಅಂಗಡಿಯಲ್ಲಿ ಮಗ ಕೂತಿದ್ದ.

"ಅಪ್ಪ ಹೋಗಿ ಮೂರು ವರ್ಷ ಆತ್ರಿ. ನಾನು ಪ್ಯಾಂಟಿನ ಕಾಲು ಮಡಚೋದು, ಸೊಂಟ ಸಣ್ಣ ಮಾಡೋದು, ಇಷ್ಟ."

"ಅಪ್ಪ ಹೊಲಿಯೋದು ನೋಡಿಲ್ಲೇನ್ರಿ?"

"ನೋಡೀನ್ರಿ. ನೋಡಿದ್ರ ಬರ್ತೈತೇನು? ದಿನಾ ಎರಡ್ ಹೊತ್ತು ಉಣ್ತೀನಿ, ಅಡಿಗಿ ಬರ್ತೈತೇನ್ರಿ ನನಗ?"

ಆದರೂ ಪಾಪ, ತುಂಡುಗಳನ್ನು ಹಲಗೆಯ ಮೇಲೆ ಜೋಡಿಸಿ ಬಹಳ ಹೊತ್ತು ನೋಡಿದ. ಕಂಕುಳಿನ ಒಂದು ಚೌಕ ಕಳೆದುಹೋಗಿತ್ತು. ಹಂಪಿಯ ಕಡೆ ಖಣದಲ್ಲಿ ಏನೇನೋ ಹೊಲಿಯುತ್ತಾರೆ, ಕೇಳಿ ನೋಡಿ ಎಂದ. ಅಲ್ಲಿಗೂ ಹೋದೆ. ಅಂಗಡಿಯ ತುಂಬ ಖಣ ನೇತಾಡುತ್ತಿತ್ತು: ಹೆಗಲಚೀಲ, ಪರ್ಸು, ಕನ್ನಡಕದ ಚೀಲ. ಮಷಿನ್ನಿನ ಮುಂದಿದ್ದ ಹೆಂಗಸು, "ಕುಬುಸ ಯಾರಿಗೂ ಬ್ಯಾಡ್ರಿ ಈಗ. ಬ್ಯಾಗ್ ಹೇಳ್ರಿ, ಸಂಜಿಕ ಕೊಡ್ತೀನಿ," ಎಂದಳು. ನನ್ನ ಎದೆಯ ಕೆಳಗೆ ಕೈಯಿಟ್ಟು ಗಂಟು ಬರುವ ಜಾಗ ತೋರಿಸಿದರೂ, ಚಿತ್ರ ಬರೆದು ತೋರಿಸಿದರೂ ತಲೆ ಅಲ್ಲಾಡಿಸಿದಳು. ಇಷ್ಟೊಂದು ಖಣದ ನಡುವೆ ನಿಂತು ಒಬ್ಬ ಮುದುಕಿಗೆ ಒಂದು ಕುಬುಸ ಸಿಗದೆ ನಾನು ವಾಪಸು ಬಂದೆ.

ಮದುವೆಯ ದಿನ ಬೆಳಿಗ್ಗೆ ಅವ್ವ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ತಾನೇ ತೆರೆದಳು. ಹೊಸ ಕುಬುಸದ ತೋಳಿನೊಳಗೆ ಕೈ ಹಾಕಿದ್ದಳು, ಬೆನ್ನು ತೆರೆದಿತ್ತು.

"ಬಾ ಒಳಗ. ಹಾಕು," ಎಂದು ಗೋಡೆಯ ಕಡೆ ಮುಖ ಮಾಡಿ ನಿಂತಳು.

ಅಷ್ಟು ವರ್ಷದಲ್ಲಿ ನಾನು ಅವಳ ಬೆನ್ನನ್ನು ನೋಡಿರಲಿಲ್ಲ. ಎರಡನೆಯ ಹುಕ್ಕು ತಪ್ಪಿತು, ಬಿಚ್ಚಿ ಮತ್ತೆ ಹಾಕಿದೆ.

"ಮುಗೀತೇನು?"

"ಇನ್ನ ಮೂರ್ ಅದಾವ ಬೇ."

ಮಂಟಪದಲ್ಲಿ ಬಂದವರೆಲ್ಲ ಹೊಗಳಿದರು. ಅಜ್ಜಿ ಸ್ಟೈಲಾಗ್ಯಾಳ ಎಂದು ಯಾರೋ ಫೋಟೊ ತೆಗೆದರು. ಅವ್ವ ಎಲ್ಲರಿಗೂ ಹೂಂ ಎಂದಳು.

ಮದುವೆಯಾದ ವಾರವೇ ಉಳಿದಿದ್ದ ಜೀರ್ಣ ಕುಬುಸವೂ ಬೆನ್ನಿನಲ್ಲಿ ಸೀಳಿತು. ಮೂರು ದಿನ ನಾನೇ ಹುಕ್ಕು ಹಾಕಿದೆ. ನಾಲ್ಕನೆಯ ದಿನ ಅವಳು ಹೇಳಿದಳು: "ದಿನಾ ನಿನಗ ಬೆನ್ನು ಕೊಟ್ಟು ನಿಂದ್ರಾಕ ಆಗಂಗಿಲ್ಲ ನನಗ. ಮುಂದ ಜಿಪ್ಪು ಇರ್ತೈತಲ್ಲ, ಆ ನೈಟಿ ತಂದುಬಿಡು."

ಎರಡು ತಂದೆ. ಜಿಪ್ಪಿಗೆ ದಾರದ ಕುಣಿಕೆ ಕಟ್ಟಿಕೊಟ್ಟೆ. ಕಾಲಿನಿಂದ ಮೇಲಕ್ಕೆ ಎಳೆದುಕೊಂಡು, ಕುಣಿಕೆಗೆ ಬೆರಳು ಸಿಕ್ಕಿಸಿ ಎಳೆಯುತ್ತಾಳೆ. ಈಗ ಕೋಣೆಯ ಬಾಗಿಲು ಮತ್ತೆ ಒಳಗಿನಿಂದ ಹಾಕಿರುತ್ತದೆ. ಆದರೆ ಮಧ್ಯಾಹ್ನ ಎದುರುಮನೆಯ ಕಟ್ಟೆಗೆ ಹೋಗಿ ಕೂರುತ್ತಿದ್ದವಳು ಹೋಗುವುದನ್ನು ನಿಲ್ಲಿಸಿದ್ದಾಳೆ. ಕಟ್ಟೆಯಲ್ಲಿ ಕೂತವರೆಲ್ಲರೂ ನೈಟಿಯಲ್ಲೇ ಇರುತ್ತಾರೆ, ಹೆಗಲ ಮೇಲೊಂದು ಟವೆಲ್ಲು. ನಿನ್ನೆಯೂ ಕರೆದರು. "ಬರ್ರಿ ಅಜ್ಜಿ, ನಾವೂ ಅದನ್ನ ಹಾಕ್ಕೊಂಡೀವಿ."

"ನಿಮಗ ಒಪ್ತೈತ್ರವ್ವ," ಎಂದಳು ಅವ್ವ, ಹೊಸ್ತಿಲಿನ ಒಳಗೇ ಕೂತು.